ನೈಟ್ರೋ ಕಾರಿನ ವೇಗ: ಓಡಿಸುವ ಮೊದಲೇ ಲೆಕ್ಕ, ಓಡಿಸಿದ ಮೇಲೆ ತಾಳೆ

ನೈಟ್ರೋ ಕಾರು, ಅಂದರೆ ಇಂಧನದಿಂದ ಓಡುವ ಪುಟಾಣಿ ಇಂಜಿನ್ ಇರುವ ರಿಮೋಟ್ ಕಾರು. ಅದರ ಡಬ್ಬದ ಮೇಲೆ ಬರೆದಿರುವ ವೇಗವನ್ನು ನಾನು ನಂಬುವುದಿಲ್ಲ. ಅದರಲ್ಲೂ ‘ಸ್ಕೇಲ್ ಸ್ಪೀಡ್’ ಅಂತ ಬರೆದಿದ್ದರೆ ಓದುವುದೂ ಇಲ್ಲ. ಕಾರು ನಿಜವಾದ ಕಾರಿನ ಹತ್ತನೇ ಒಂದು ಭಾಗ ಅಂತ ವೇಗವನ್ನು ಹತ್ತರಿಂದ ಗುಣಿಸಿಬಿಡುತ್ತಾರೆ. ಹಾಗೆ ಗುಣಿಸಿದರೆ ಇರುವೆಯೂ ರೇಸ್ ಗೆಲ್ಲುತ್ತದೆ. ನನಗೆ ಬೇಕಾಗಿದ್ದು ಗಂಟೆಗೆ ಎಷ್ಟು ಕಿಲೋಮೀಟರ್ ಅನ್ನುವುದು. ಅದೂ ಇಂಜಿನ್ ಸ್ಟಾರ್ಟ್ ಮಾಡುವ ಮೊದಲೇ, ಪೇಪರ್ ಮೇಲೆ.

ಕಾರಿನ ವಿವರ ಇಷ್ಟು. ಹತ್ತನೇ ಒಂದರ ಅಳತೆಯ ಆನ್‌ರೋಡ್ ಕಾರು, ನಾಲ್ಕೂ ಚಕ್ರಕ್ಕೆ ಬೆಲ್ಟ್ ಡ್ರೈವ್, ಒಂದೇ ಗೇರು. 2.5 ಸಿಸಿಯ ಟೂ ಸ್ಟ್ರೋಕ್ ಗ್ಲೋ ಪ್ಲಗ್ ಇಂಜಿನ್. ಇಂಧನ ಅಂದರೆ ಮೆಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆಯ ಮಿಶ್ರಣ. ತುಂಬಿದ ಟ್ಯಾಂಕ್ ಸೇರಿ ತೂಕ 1.9 ಕಿಲೋ. ಇಂಜಿನ್ನಿನ ಚೀಟಿಯಲ್ಲಿ 28,000 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು), ಒಂದು ಹಾರ್ಸ್‌ಪವರ್ ಅಂತ ಇತ್ತು.

ಮೊದಲು ಸುಲಭದ ಲೆಕ್ಕ, ಗೇರಿನದು. ಇಂಜಿನ್ ತಿರುಗಿಸುವ ಕ್ಲಚ್ ಬೆಲ್ ಅನ್ನುವ ಸಣ್ಣ ಗೇರಿಗೆ 22 ಹಲ್ಲು, ಅದು ತಿರುಗಿಸುವ ದೊಡ್ಡ ಸ್ಪರ್ ಗೇರಿಗೆ 44. ಅಲ್ಲಿಗೆ ಎರಡಕ್ಕೆ ಒಂದು. ಒಳಗಿನ ಬೆಲ್ಟ್ ಪುಲ್ಲಿಗಳದ್ದು ಎರಡೂವರೆಗೆ ಒಂದು. ಎರಡನ್ನೂ ಗುಣಿಸಿದರೆ ಇಂಜಿನ್ ಐದು ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. 28,000 ಆರ್‌ಪಿಎಂ ಅಂದರೆ ಸೆಕೆಂಡಿಗೆ ಸುಮಾರು 467 ಸುತ್ತು. ಚಕ್ರಕ್ಕೆ ಬರುವುದು 93.

ಇನ್ನು ಟೈರಿನ ಸುತ್ತಳತೆ. ಕ್ಯಾಲಿಪರ್ ಹಿಡಿದು ಅಳೆದರೆ ವ್ಯಾಸ 64 ಮಿಲಿಮೀಟರ್, ಸುತ್ತಳತೆ 201. ಆದರೆ ಕಾರಿನ ಭಾರ ಬಿದ್ದಾಗ ಟೈರ್ ಸ್ವಲ್ಪ ಕುಗ್ಗುತ್ತದೆ ಅಲ್ವಾ? ಹಾಗಾಗಿ ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಟ್ಯಾಂಕ್ ತುಂಬಿಸಿ, ನೆಲದ ಮೇಲೆ ಹತ್ತು ಸುತ್ತು ಉರುಳಿಸಿ ಟೇಪ್ ಹಿಡಿದೆ. 1.95 ಮೀಟರ್ ಬಂತು. ಅಂದರೆ ಸುತ್ತಿಗೆ 195 ಮಿಲಿಮೀಟರ್. ಆರು ಮಿಲಿಮೀಟರ್ ವ್ಯತ್ಯಾಸ ಏನು ಮಹಾ ಅನ್ನಿಸಬಹುದು. ವೇಗದಲ್ಲಿ ಅದು ಎರಡು ಕಿಲೋಮೀಟರ್. ದೊಡ್ಡ ಟ್ರಕ್ ಮಾದರಿಗಳ ಮೆತ್ತನೆ ಟೈರು ವೇಗ ಹೆಚ್ಚಿದಂತೆ ಬಲೂನಿನ ಹಾಗೆ ಉಬ್ಬುತ್ತದೆ, ಅಲ್ಲಿ ಈ ಅಳತೆ ಸಾಲದು. ನನ್ನ ಕಾರಿನ ಸಣ್ಣ ಟೈರಿಗೆ ಸಾಕು.

ಲೆಕ್ಕ: 93.3 ಸುತ್ತು, ಸುತ್ತಿಗೆ 0.195 ಮೀಟರ್. ಸೆಕೆಂಡಿಗೆ 18.2 ಮೀಟರ್, ಗಂಟೆಗೆ 65.5 ಕಿ.ಮೀ. ಇದು ಗೇರು ಹಾಕುವ ಮಿತಿ.

ಎರಡನೇ ಮಿತಿ ಗಾಳಿಯದು. ನನಗೆ ಮಜಾ ಕೊಟ್ಟಿದ್ದು ಇದೇ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದನ್ನು ಮೀರಲು ಬೇಕಾದ ಪವರ್ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ದುಪ್ಪಟ್ಟಾದರೆ ಪವರ್ ಎಂಟು ಪಟ್ಟು ಬೇಕು. ಎದುರಿನಿಂದ ಕಾರಿನ ಫೋಟೋ ತೆಗೆದು, ಗ್ರಾಫ್ ಚೌಕ ಎಣಿಸಿ ವಿಸ್ತೀರ್ಣ ಹಿಡಿದೆ: 0.018 ಚದರ ಮೀಟರ್. ಡ್ರ್ಯಾಗ್ ಗುಣಾಂಕ (ಕಾರಿನ ಆಕಾರ ಗಾಳಿಗೆ ಎಷ್ಟು ಅಡ್ಡಿಯಾಗುತ್ತದೆ ಅನ್ನುವ ಅಂಕಿ) ಅಳೆಯಲು ನನ್ನ ಹತ್ತಿರ ಗಾಳಿ ಸುರಂಗವೇನೂ ಇಲ್ಲ, 0.45 ಅಂತ ಅಂದಾಜು ಇಟ್ಟುಕೊಂಡೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಸಾಂದ್ರತೆ ಘನ ಮೀಟರಿಗೆ ಹೆಚ್ಚುಕಡಿಮೆ 1.06 ಕಿಲೋ. ಮಂಗಳೂರಿನ ಗಾಳಿಗಿಂತ ಹತ್ತು ಪರ್ಸೆಂಟ್ ತೆಳು. ತಡೆ ಕಡಿಮೆ ಅಂತ ಖುಷಿಪಡುವ ಹಾಗಿಲ್ಲ. ಇಂಜಿನ್ ಉಸಿರಾಡುವುದೂ ಅದೇ ತೆಳು ಗಾಳಿಯನ್ನೇ. ಒಂದು ಕೈಯಲ್ಲಿ ಕೊಟ್ಟಿದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತದೆ.

ಟೈರು, ಬೇರಿಂಗ್, ಬೆಲ್ಟ್‌ಗಳ ಎಳೆತವನ್ನು ಮಾತ್ರ ಅಂದಾಜಿಗೆ ಬಿಡಲಿಲ್ಲ. ಇಂಜಿನ್ ನಿಂತಿದ್ದಾಗ ಕ್ಲಚ್ ಹಿಡಿಯುವುದಿಲ್ಲ, ಚಕ್ರಗಳು ಸುಮ್ನೆ ಉರುಳುತ್ತವೆ. ಕೈಯಿಂದ ಜೋರಾಗಿ ತಳ್ಳಿ, ವಿಡಿಯೋ ತೆಗೆದು, ಎಷ್ಟು ದೂರ ಹೋಗಿ ನಿಲ್ಲುತ್ತದೆ ಅಂತ ನೋಡಿದೆ. ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಬಿಟ್ಟರೆ 13 ಮೀಟರ್ ಚಿಲ್ಲರೆ ಹೋಗಿ ನಿಲ್ಲುತ್ತಿತ್ತು. ರಸ್ತೆಯ ಇಳಿಜಾರು ಮೋಸ ಮಾಡಬಾರದು ಅಂತ ಎರಡೂ ದಿಕ್ಕಿಗೆ ತಳ್ಳಿ ಸರಾಸರಿ ತೆಗೆದೆ. ಎಳೆತ 1.1 ನ್ಯೂಟನ್ ಆಸುಪಾಸು.

ಈಗ ಒಟ್ಟು ಮಾಡಿ ನೋಡಿ. 65 ಕಿ.ಮೀ. ವೇಗದಲ್ಲಿ ಗಾಳಿಯದ್ದು ಒಂದೂವರೆ ನ್ಯೂಟನ್, ಉರುಳುವಿಕೆಯದ್ದು 1.1. ಅಷ್ಟನ್ನು ಮೀರಿ ಓಡಲು ಬೇಕಾಗಿದ್ದು ಬರೀ 50 ವ್ಯಾಟ್! ಒಂದು ಹಾರ್ಸ್‌ಪವರ್ ಅಂದರೆ 746 ವ್ಯಾಟ್. ಡ್ರ್ಯಾಗ್ ಗುಣಾಂಕದ ನನ್ನ ಅಂದಾಜು ಅರ್ಧಕ್ಕರ್ಧ ತಪ್ಪಿದ್ದರೂ ಫಲಿತಾಂಶ ಬದಲಾಗುವುದಿಲ್ಲ.

ಹಾರ್ಸ್‌ಪವರ್ ಚೀಟಿಯನ್ನೂ ಪರೀಕ್ಷೆ ಮಾಡೋಣ ಅನ್ನಿಸಿತು. ಊರಾಚೆಯ ಒಂದು ಹೊಸ ಲೇಔಟ್‌ನಲ್ಲಿ ಟಾರು ಹಾಕಿ ಮುಗಿದಿದೆ, ಮನೆ ಇನ್ನೂ ಎದ್ದಿಲ್ಲ. ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆ ಜಾಗ ಸಿಗುವುದಿಲ್ಲ. ರಸ್ತೆ ಮೇಲೆ ಸೀಮೆಸುಣ್ಣದ ಗೆರೆಗಳನ್ನು ಎಳೆದು, ಗೆಳೆಯನ ಕೈಗೆ ಕ್ಯಾಮೆರಾ ಕೊಟ್ಟೆ. ಸೆಕೆಂಡಿಗೆ 8 ಮೀಟರ್‌ನಿಂದ 16 ಮೀಟರ್‌ಗೆ ಏರಲು ಕಾರು ತೆಗೆದುಕೊಂಡಿದ್ದು 0.7 ಸೆಕೆಂಡು. ಚಲನಶಕ್ತಿ 61 ಜೂಲ್‌ನಿಂದ 243ಕ್ಕೆ ಏರಿತು. ಭಾಗಿಸಿದರೆ 260 ವ್ಯಾಟ್, ಗಾಳಿ ಮತ್ತು ಉರುಳುವಿಕೆಯ ಪಾಲು ಸೇರಿಸಿದರೆ 280. ಚಕ್ರ ತಲುಪುವ ಹೊತ್ತಿಗೆ ಒಂದು ಹಾರ್ಸ್‌ಪವರ್ ಮೂರನೇ ಒಂದಕ್ಕಿಂತ ಸ್ವಲ್ಪ ಜಾಸ್ತಿ ಉಳಿದಿತ್ತು. ಇದಕ್ಕೆ ಇಂಜಿನ್ ಮಾಡಿದವರನ್ನು ಬೈಯುವುದೂ ಸರಿಯಲ್ಲ. ಅವರು ಹೇಳುವುದು ಅತಿ ಹೆಚ್ಚಿನ ಪವರ್, ನಾನು ಅಳೆದದ್ದು ಇಡೀ ಏರಿಕೆಯ ಸರಾಸರಿ. ನಡುವೆ ಕ್ಲಚ್, ಬೆಲ್ಟ್ ತಿಂದಿದ್ದೂ ಇದೆ.

280 ವ್ಯಾಟ್ ಅಂತಲೇ ಇಟ್ಟುಕೊಂಡರೂ ಗಾಳಿಯ ಮಿತಿ ಗಂಟೆಗೆ 135 ಕಿ.ಮೀ. ದಾಟುತ್ತದೆ. ಗೇರಿನ ಮಿತಿಗಿಂತ ದುಪ್ಪಟ್ಟು. ಅಂದರೆ ಈ ಕಾರಿನ ವೇಗ ಹಿಡಿದಿಟ್ಟಿರುವುದು ಇಂಜಿನ್ ಅಲ್ಲ, ಹಲ್ಲುಗಳ ಎಣಿಕೆ. ಜನ ದುಡ್ಡು ಸುರಿದು ದೊಡ್ಡ ಇಂಜಿನ್ ಕೂರಿಸುತ್ತಾರೆ. ಇಂಥ ಕಾರಿಗೆ ಅದು ಪಿಕಪ್ ಕೊಡುತ್ತದೆ. ಆರ್‌ಪಿಎಂ ಅಷ್ಟೇ ಇದ್ದರೆ ಟಾಪ್ ಸ್ಪೀಡ್ ಕೊಡುವುದಿಲ್ಲ.

ಇದನ್ನೆಲ್ಲ ತಾಳೆ ನೋಡಲು ರೇಡಾರ್ ಗನ್ ಬೇಕಿಲ್ಲ. ಮೊಬೈಲ್ ಸಾಕು. ಟೂ ಸ್ಟ್ರೋಕ್ ಇಂಜಿನ್ ಪ್ರತಿ ಸುತ್ತಿಗೂ ಒಂದು ಸಲ ಸಿಡಿಯುತ್ತದೆ, ಹಾಗಾಗಿ ಅದರ ಶಬ್ದದ ಫ್ರೀಕ್ವೆನ್ಸಿಯೇ ಸೆಕೆಂಡಿನ ಸುತ್ತುಗಳ ಲೆಕ್ಕ. ಕಾರು ಹತ್ತಿರ ಬರುವಾಗ ಸ್ವರ ಏರಿರುತ್ತದೆ, ದಾಟಿ ಹೋದಾಗ ಇಳಿಯುತ್ತದೆ. ಆಸ್ಟ್ರಿಯಾದ ವಿಜ್ಞಾನಿ ಡಾಪ್ಲರ್ ಇದನ್ನು 1842ರಲ್ಲಿ ಹೇಳಿದ. 1845ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ಬಾಯ್ಸ್ ಬ್ಯಾಲಟ್ ಅನ್ನುವ ವಿಜ್ಞಾನಿ ರೈಲಿನ ಮೇಲೆ ಕಹಳೆ ಊದುವವರನ್ನು ಕೂರಿಸಿ ಅದನ್ನು ಪರೀಕ್ಷಿಸಿದ. ಅವನ ಖರ್ಚು ನೆನೆಸಿಕೊಂಡರೆ ನನ್ನದು ಏನೂ ಅಲ್ಲ.

ರಸ್ತೆ ಪಕ್ಕ ಟ್ರೈಪಾಡ್ ಮೇಲೆ ಮೊಬೈಲ್ ಇಟ್ಟು ರೆಕಾರ್ಡ್ ಮಾಡಿ, ಕಂಪ್ಯೂಟರಿನಲ್ಲಿ ಸ್ಪೆಕ್ಟ್ರೋಗ್ರಾಂ (ಯಾವ ಕ್ಷಣಕ್ಕೆ ಯಾವ ಫ್ರೀಕ್ವೆನ್ಸಿ ಅಂತ ತೋರಿಸುವ ಚಿತ್ರ) ತೆರೆದೆ. ಕಾರು ಎದುರಿಗೇ ಬಂದ ಕ್ಷಣದ ಅಂಕಿ ಬೇಡ. ಸಾಕಷ್ಟು ಮೊದಲಿನದು, ಸಾಕಷ್ಟು ಆಮೇಲಿನದು ಬೇಕು. ಇನ್ನೊಂದು ಮಾತು: ಪರದೆಯಲ್ಲಿ ಮೂಲ ಸ್ವರದ ಎರಡರಷ್ಟು, ಮೂರರಷ್ಟರ ಗೆರೆಗಳೂ ಕಾಣುತ್ತವೆ, ಕೆಲವು ಸಲ ಅವೇ ಹೆಚ್ಚು ಹೊಳೆಯುತ್ತವೆ. ಎಲ್ಲಕ್ಕಿಂತ ಕೆಳಗಿನ ಗೆರೆ ಹಿಡಿಯಬೇಕು.

ಬರುವಾಗ 489 ಹರ್ಟ್ಸ್, ಹೋಗುವಾಗ 441. ಎರಡರ ವ್ಯತ್ಯಾಸವನ್ನು ಎರಡರ ಮೊತ್ತದಿಂದ ಭಾಗಿಸಿ, ಶಬ್ದದ ವೇಗದಿಂದ ಗುಣಿಸಿದರೆ ಕಾರಿನ ವೇಗ. 27 ಡಿಗ್ರಿ ಬಿಸಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 347 ಮೀಟರ್. ಉತ್ತರ 17.9 ಮೀಟರ್, ಗಂಟೆಗೆ 64.5 ಕಿ.ಮೀ. ಪೇಪರ್ ಹೇಳಿದ್ದು 65.5. ಅದೇ ಎರಡು ಅಂಕಿಗಳಿಂದ ಇಂಜಿನ್ ವೇಗವೂ ಸಿಕ್ಕಿತು: ಸುಮಾರು 27,800 ಆರ್‌ಪಿಎಂ. ಆ ವಿಷಯದಲ್ಲಿ ಚೀಟಿ ನಿಜವನ್ನೇ ಹೇಳಿತ್ತು.

ಆಮೇಲೆ 24 ಹಲ್ಲಿನ ಬೆಲ್ ಹಾಕಿದೆ. ಇಂಜಿನ್ ಮೌಂಟ್ ಸಡಿಲಿಸಿ, ಹಲ್ಲುಗಳ ನಡುವೆ ತೆಳು ಕಾಗದ ಇಟ್ಟು ಕೂರಿಸುವುದು ಮಾಮೂಲಿ ಕೆಲಸ. ಲೆಕ್ಕ ಹೇಳಿದ್ದು 71.5 ಕಿ.ಮೀ., ಮೊಬೈಲ್ ಹೇಳಿದ್ದು 70. ಕಾರಣ ರೆಕಾರ್ಡಿಂಗ್‌ನಲ್ಲೇ ಇತ್ತು. ನಾನು ಥ್ರಾಟಲ್ ಬಿಡುವ ತನಕವೂ ಸ್ವರ ಮೇಲೇರುತ್ತಲೇ ಇತ್ತು. ಇಂಜಿನ್ನಿಗೆ ಇನ್ನೂ ಓಡುವ ಮನಸ್ಸಿತ್ತು, ರಸ್ತೆ ಮುಗಿದುಹೋಯಿತು. ಇದು ಮೂರನೇ ಮಿತಿ. ಹಲ್ಲು ಹೆಚ್ಚಿಸಿದಷ್ಟೂ ಚಕ್ರಕ್ಕೆ ಸಿಗುವ ತಿರುಚು ಬಲ ಕಡಿಮೆಯಾಗುತ್ತದೆ, ಪೂರ್ತಿ ವೇಗಕ್ಕೆ ಏರಲು ಉದ್ದ ದಾರಿ ಬೇಕಾಗುತ್ತದೆ.

26 ಹಲ್ಲಿನ ಬೆಲ್ಲನ್ನೂ ತರಿಸಿದ್ದೇನೆ. ಗೇರಿನ ಲೆಕ್ಕದಲ್ಲಿ ಅದು 77 ಕಿ.ಮೀ. ಕೊಡಬೇಕು. ಇದೇ ರಸ್ತೆಯಲ್ಲಿ ಓಡಿಸಿದರೆ 73 ದಾಟುವುದಿಲ್ಲ ಅಂತ ನನ್ನ ಲೆಕ್ಕ. ಗೆಳೆಯ 75 ಅನ್ನುತ್ತಾನೆ. ಮಳೆ ನಿಂತು ಟಾರು ಒಣಗಿದ ಮೇಲೆ ನೋಡಬೇಕು.