ಶೇರ್ ಫೋಲ್ಡರ್‌ನಿಂದ ಫೈಲ್ ಅಳಿಸಿದ್ದು ಯಾರು? ಲಾಗ್‌ನಲ್ಲಿ ಸಿಕ್ಕಿದ್ದು ಹೀಗೆ

ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯ ವಿಂಡೋಸ್ ಸರ್ವರ್ ನಾನು ನೋಡಿಕೊಳ್ಳುತ್ತೇನೆ. ಶೇರ್ ಫೋಲ್ಡರ್‌ನಿಂದ ಲೆಕ್ಕದ ಎಕ್ಸೆಲ್ ಫೈಲ್‌ಗಳು ಮಾಯವಾಗುತ್ತಿದ್ದವು. ಸೆಕ್ಯುರಿಟಿ ಲಾಗ್‌ನಲ್ಲಿ 4663 (ಫೈಲ್ ಅನ್ನು ಯಾರು ಬಳಸಿದರು ಎಂದು ದಾಖಲಿಸುವ ಇವೆಂಟ್‌ನ ಸಂಖ್ಯೆ) ಒಂದೂ ಇಲ್ಲ.

ಫೋಲ್ಡರ್‌ನ ಆಡಿಟಿಂಗ್ ಟ್ಯಾಬ್‌ನಲ್ಲಿ ಎವ್ರಿಒನ್ ಸೇರಿಸಿದ್ದೆ. ಹಳೆಯ 'ಆಡಿಟ್ ಆಬ್ಜೆಕ್ಟ್ ಆಕ್ಸೆಸ್' ಪಾಲಿಸಿ ಕೂಡ ಆನ್ ಮಾಡಿದ್ದೆ. ರೀಸ್ಟಾರ್ಟ್ ಮಾಡಿದರೂ ಅಷ್ಟೇ.

ಅಡ್ವಾನ್ಸ್‌ಡ್ ಆಡಿಟ್ ಪಾಲಿಸಿ (ಅದರ ಹೊಸ, ಹೆಚ್ಚು ವಿವರದ ರೂಪ) ಬಳಕೆಯಲ್ಲಿದ್ದರೆ ಹಳೆಯ ಪಾಲಿಸಿ ಲೆಕ್ಕಕ್ಕೇ ಬರುವುದಿಲ್ಲ. ಗಂಟು ಇದ್ದದ್ದು ಇಲ್ಲೇ. ಮೊದಲು ಗ್ರೂಪ್ ಪಾಲಿಸಿ ಎಡಿಟರ್‌ನಲ್ಲಿ ಅಡ್ವಾನ್ಸ್‌ಡ್ ಆಡಿಟ್ ಪಾಲಿಸಿ ಕಾನ್ಫಿಗರೇಶನ್, ಅದರಲ್ಲಿ ಆಬ್ಜೆಕ್ಟ್ ಆಕ್ಸೆಸ್, ಅದರೊಳಗೆ ಆಡಿಟ್ ಫೈಲ್ ಸಿಸ್ಟಮ್ ತೆರೆದು 'ಸಕ್ಸೆಸ್' ಟಿಕ್ ಮಾಡಿ. ಆಮೇಲೆ ಸೆಕ್ಯುರಿಟಿ ಆಪ್ಷನ್ಸ್‌ನಲ್ಲಿ 'ಫೋರ್ಸ್ ಆಡಿಟ್ ಪಾಲಿಸಿ ಸಬ್‌ಕೆಟಗರಿ ಸೆಟ್ಟಿಂಗ್ಸ್' ಎನೇಬಲ್ ಮಾಡಿ, ಜಿಪಿಅಪ್‌ಡೇಟ್ ಕಮಾಂಡ್ ಓಡಿಸಿ, ಆಗ ಬದಲಾವಣೆ ಜಾರಿಗೆ ಬರುತ್ತದೆ. ಕೊನೆಗೆ ಫೋಲ್ಡರ್‌ನ ಆಡಿಟಿಂಗ್‌ನಲ್ಲಿ 'ಡಿಲೀಟ್', 'ಡಿಲೀಟ್ ಸಬ್‌ಫೋಲ್ಡರ್ಸ್ ಅಂಡ್ ಫೈಲ್ಸ್' ಎರಡೇ ಇರಲಿ. ರೀಡ್ ಹಾಕಿದರೆ ಲಾಗ್ ಸುಮ್ನೆ ತುಂಬಿಹೋಗುತ್ತದೆ. ಲಾಗ್ ಸೈಜ್ 20 ಎಂಬಿ ಇತ್ತು, 1 ಜಿಬಿ ಮಾಡಿದೆ.

ಒಂದು ಎಚ್ಚರ: ಎಕ್ಸೆಲ್ ಸೇವ್ ಮಾಡಿದಾಗಲೂ, ಹೆಸರು ಬದಲಿಸಿದಾಗಲೂ 4663ರಲ್ಲಿ 'ಡಿಲೀಟ್' ಬರುತ್ತದೆ. ನಿಜವಾಗಿ ಅಳಿಸಿದ್ದರೆ 4660 (ಅಳಿಸಿದ್ದನ್ನು ದಾಖಲಿಸುವ ಇವೆಂಟ್) ಕೂಡ ಇರುತ್ತದೆ. ಅದರಲ್ಲಿ ಫೈಲ್ ಹೆಸರಿರುವುದಿಲ್ಲ, ಹ್ಯಾಂಡಲ್ ಐಡಿ (ಫೈಲ್ ತೆರೆದಾಗ ವಿಂಡೋಸ್ ಕೊಡುವ ಗುರುತಿನ ಸಂಖ್ಯೆ) ಹಿಡಿದು 4663ಕ್ಕೆ ಹೊಂದಿಸಿ ನೋಡಬೇಕು.

ಹಾಗೆ ನೋಡಿದಾಗ ಅಕೌಂಟ್ ನೇಮ್‌ನಲ್ಲಿ ಯಾವ ಗುಮಾಸ್ತರೂ ಇರಲಿಲ್ಲ. ಇದ್ದದ್ದು ಹಳೆಯ ಬ್ಯಾಕಪ್ ಸ್ಕ್ರಿಪ್ಟ್‌ನ ಅಕೌಂಟ್.