ಜಾಯಿಕಾಯಿ ಗಿಡ ಗಂಡೋ ಹೆಣ್ಣೋ: ಹೂವು ಬಿಡಿಸಿ ನೋಡುವ ಕ್ರಮ

ಜಾಯಿಕಾಯಿಯಲ್ಲಿ ಗಂಡು ಹೂವು ಒಂದು ಗಿಡದಲ್ಲಿ, ಹೆಣ್ಣು ಹೂವು ಇನ್ನೊಂದು ಗಿಡದಲ್ಲಿ ಬಿಡುತ್ತದೆ. ಅಡಿಕೆ ತೋಟದ ಸಾಲುಗಳ ನಡುವೆ ಬೀಜದ ಸಸಿಗಳನ್ನು ನೆಟ್ಟವರು, ಆರರಿಂದ ಎಂಟು ವರ್ಷ ಗೊಬ್ಬರ, ನೀರು ಕೊಟ್ಟು ಬೆಳೆಸಿದ ಮೇಲಷ್ಟೇ ತಮ್ಮ ಪಾಲಿಗೆ ಬಂದದ್ದು ಯಾವುದೆಂದು ತಿಳಿಯಬಲ್ಲರು. ಏಕೆಂದರೆ ಬೀಜದ ಸಸಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗಂಡಾಗಿಯೇ ಬೆಳೆಯುತ್ತವೆ. ಇಷ್ಟು ವರ್ಷ ಸಾಕಿದ ಗಿಡವನ್ನು ಅವಸರದಲ್ಲಿ ತಪ್ಪಾಗಿ ಗುರುತಿಸಿ ಕಡಿದುಹಾಕುವುದು ಬಹಳ ಸಂಕಟದ ಸಂಗತಿ. ಆದುದರಿಂದ ನೋಡುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಎಲೆ ಅಗಲವಾಗಿದ್ದರೆ ಹೆಣ್ಣು, ಕಿರಿದಾಗಿದ್ದರೆ ಗಂಡು ಎಂದೂ, ರೆಂಬೆಗಳು ಅಡ್ಡಲಾಗಿ ಚಾಚಿದ್ದರೆ ಹೆಣ್ಣು, ಮೇಲ್ಮುಖವಾಗಿದ್ದರೆ ಗಂಡು ಎಂದೂ ಹೇಳುವವರಿದ್ದಾರೆ. ಆದರೆ ಒಂದೇ ಗಿಡದಲ್ಲಿ ನೆರಳಿನ ಕಡೆಯ ಎಲೆಗೂ ಬಿಸಿಲಿನ ಕಡೆಯ ಎಲೆಗೂ ಅಗಲದಲ್ಲಿ ವ್ಯತ್ಯಾಸವಿರುತ್ತದೆ. ಇಂತಹ ಗುರುತುಗಳನ್ನು ನಂಬಿ ಸಸಿ ಆರಿಸುವುದನ್ನು ನಾನು ಯಾರಿಗೂ ಸಲಹೆ ಮಾಡಲಾರೆ. ತೀರ್ಮಾನ ಹೂವಿನಿಂದಲೇ ಆಗಬೇಕು.

ಹೂವುಗಳು ಸಂಜೆ ಕತ್ತಲಾಗುವ ಹೊತ್ತಿಗೆ ಅರಳತೊಡಗುತ್ತವೆ. ಆದ್ದರಿಂದ ಬೆಳಗ್ಗೆ ಬೇಗ ಹೋಗಿ, ಗಿಡದ ಬೇರೆ ಬೇರೆ ಕಡೆಗಳಿಂದ ಎಂಟು ಹತ್ತು ಹೂವುಗಳನ್ನು ಕಿತ್ತು ತರಬೇಕು. ಕೀಳುವ ಮುನ್ನ ಅವು ಹೇಗೆ ಜೋಡಣೆಗೊಂಡಿವೆ ಎಂಬುದನ್ನು ಗಮನಿಸಿರಿ. ಗಂಡು ಗಿಡದಲ್ಲಿ ಎಲೆಯ ಕಂಕುಳಿನಿಂದ ಹೊರಟ ಸಣ್ಣ ಗೊಂಚಲಿನಲ್ಲಿ ಹಲವು ಮೊಗ್ಗುಗಳಿದ್ದು ಒಂದಾದ ಮೇಲೊಂದು ಅರಳುತ್ತವೆ. ಹೆಣ್ಣು ಗಿಡದಲ್ಲಿ ಸಾಮಾನ್ಯವಾಗಿ ಒಂದೇ ಹೂವು, ಹೆಚ್ಚೆಂದರೆ ಎರಡು ಮೂರು. ಎರಡೂ ತಿಳಿಹಳದಿ ಬಣ್ಣದವು, ಮೇಣ ಸವರಿದಂತೆ ದಪ್ಪನೆಯವು, ಸುವಾಸನೆಯವು. ಬಾಯಿ ಮೂರು ಹಲ್ಲಿನಂತೆ ಸೀಳಿರುತ್ತದೆ. ಗಂಡು ಹೂವು 5ರಿಂದ 7 ಮಿಲಿಮೀಟರ್ ಉದ್ದವಿದ್ದು ಬುಡದ ಕಡೆಗೆ ಸಣ್ಣಗಾಗಿರುತ್ತದೆ. ಹೆಣ್ಣು ಹೂವು ಸುಮಾರು 1 ಸೆಂಟಿಮೀಟರ್ ಇದ್ದು ಪುಟ್ಟ ಹೂಜಿಯಂತೆ ಬುಡದಲ್ಲಿ ಉಬ್ಬಿರುತ್ತದೆ.

ಇನ್ನು ಬಿಡಿಸಿ ನೋಡುವ ಕೆಲಸ. ಬಿಳಿಯ ತಟ್ಟೆಯ ಮೇಲೆ ಹೂವನ್ನು ಮಲಗಿಸಿ, ಹೊಸ ಬ್ಲೇಡಿನಿಂದ ಬಾಯಿಯಿಂದ ತೊಟ್ಟಿನವರೆಗೆ ಉದ್ದಕ್ಕೆ ಸೀಳಿ, ಎರಡು ಹೋಳುಗಳನ್ನು ಭೂತಗನ್ನಡಿಯ ಕೆಳಗೆ ಇಡಿರಿ. ನಡುವೆ ಒಂದು ಕಡ್ಡಿಯಂತಹ ಕಂಬವಿದ್ದು, ಅದರ ಸುತ್ತ ಉದ್ದುದ್ದ ಸಣ್ಣ ಹಳದಿ ಚೀಲಗಳು ಅಂಟಿಕೊಂಡಿದ್ದರೆ ಅದು ಗಂಡು. ಆ ಚೀಲಗಳೇ ಪರಾಗಕೋಶಗಳು, ಬೆರಳಿಗೆ ಹಳದಿ ಪುಡಿ ತಾಗಿದರೂ ತಾಗೀತು. ಅದರ ಬದಲಿಗೆ ದುಂಡನೆಯ, ನವಿರಾದ ರೋಮವುಳ್ಳ ಪುಟ್ಟ ಗಡಿಗೆಯೊಂದು ಒಳಗಿನ ಜಾಗವನ್ನೆಲ್ಲ ತುಂಬಿದ್ದು, ಅದರ ನೆತ್ತಿಯ ಮೇಲೆ ಎರಡು ತುಟಿಗಳಂತೆ ಬಿಳಿಯ ಶಲಾಕಾಗ್ರ, ಅಂದರೆ ಪರಾಗವನ್ನು ಹಿಡಿಯುವ ತುದಿ, ಕೂತಿದ್ದರೆ ಅದು ಹೆಣ್ಣು. ಮುಂದೆ ಸುಮಾರು 9 ತಿಂಗಳಲ್ಲಿ ಬಲಿತು, ಬಿರಿದು, ಕೆಂಪು ಜಾಪತ್ರೆಯನ್ನು ತೋರಿಸುವ ಕಾಯಿಯಾಗುವುದು ಈ ಗಡಿಗೆಯೇ. ಒಮ್ಮೆ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ಮತ್ತೆ ಸಂಶಯ ಬರುವುದಿಲ್ಲ.

ಆದರೂ ಒಂದೇ ಹಂಗಾಮಿನ ಹೂವು ನೋಡಿ ಕತ್ತಿ ಎತ್ತಬಾರದು. ಕೆಲವು ಗಂಡು ಗಿಡಗಳು ನಡುನಡುವೆ ಹೆಣ್ಣು ಹೂವನ್ನೂ ಬಿಟ್ಟು ನಾಲ್ಕಾರು ಕಾಯಿ ಕೊಡುವುದುಂಟು. ಹಾಗೆಯೇ ಹತ್ತಿರದಲ್ಲಿ ಗಂಡು ಗಿಡವಿಲ್ಲದ ಕಾರಣ ಹೂವೆಲ್ಲ ಉದುರಿ ಬರಿದಾಗಿ ನಿಂತ ಹೆಣ್ಣು ಗಿಡವನ್ನು ಗಂಡೆಂದು ತಿಳಿಯುವ ಅಪಾಯವೂ ಇದೆ. ಕಸಿ ಗಿಡವಾಗಿದ್ದರೆ, ಹೂಬಿಟ್ಟ ರೆಂಬೆ ಕಸಿಯ ಗಂಟಿನ ಮೇಲಿನದೋ, ಕಸಿಗೆ ಆಧಾರವಾಗಿ ಕೆಳಗಿರುವ ಬೇರುಗಿಡದಿಂದ ಚಿಗುರಿದ್ದೋ ಎಂಬುದನ್ನು ಬುಡದವರೆಗೆ ಕೈಯಾಡಿಸಿ ಖಚಿತಪಡಿಸಿಕೊಳ್ಳಬೇಕು. ಬೇರುಗಿಡವಾಗಿ ಬಳಸುವ ರಾಂಪತ್ರೆಯಂತಹ ಕಾಡು ಬಂಧುಗಳಲ್ಲೂ ಗಂಡು ಹೆಣ್ಣು ಬೇರೆಬೇರೆಯೇ. ಎರಡು ಮೂರು ಹಂಗಾಮು ನೋಡಿ, ಪ್ರತಿ ಸಲವೂ ಕಾಂಡಕ್ಕೆ ಬಣ್ಣದ ಗುರುತು ಹಾಕುತ್ತ ಹೋಗುವುದು ಒಳ್ಳೆಯದು.

ಗಂಡೆಂದು ಖಚಿತವಾದ ಗಿಡಗಳಲ್ಲಿ ಹತ್ತು ಹೆಣ್ಣಿಗೆ ಒಂದರಂತೆ, ತೋಟದಲ್ಲಿ ಚದುರಿರುವ ಹಾಗೆ ಉಳಿಸಿಕೊಳ್ಳಬೇಕು. ಪರಾಗವನ್ನು ಒಯ್ಯುವ ಪುಟ್ಟ ದುಂಬಿಗಳಿಗೆ ಅವು ಹತ್ತಿರದಲ್ಲೇ ಇರಬೇಕು. ಉಳಿದವನ್ನು ಬುಡಸಹಿತ ಕೀಳುವ ಅಗತ್ಯವಿಲ್ಲ. ಕೆಳಗಿನ ಕೆಲವು ರೆಂಬೆಗಳನ್ನು ಉಳಿಸಿ ಕಾಂಡವನ್ನು ಮೊಟಕುಗೊಳಿಸಿದರೆ ಹೊಸ ಚಿಗುರುಗಳು ಬರುತ್ತವೆ. ಅವುಗಳಿಗೆ ಚೆನ್ನಾಗಿ ಕಾಯಿ ಬಿಡುವ ಹೆಣ್ಣು ಗಿಡದ ಕುಡಿಯನ್ನು ಕಸಿ ಕಟ್ಟಬಹುದು. ಕುಡಿಯನ್ನು ಮಾತ್ರ ನೆಟ್ಟಗೆ ಮೇಲಕ್ಕೆ ಬೆಳೆಯುವ ಚಿಗುರಿನಿಂದಲೇ ಆರಿಸಿರಿ. ಅಡ್ಡರೆಂಬೆಯಿಂದ ತೆಗೆದ ಕುಡಿ ಎತ್ತರಕ್ಕೆ ಏಳದೆ ಪೊದೆಯಂತೆ ಹರಡಿಕೊಳ್ಳುತ್ತದೆ.