ಬೇಸಿಗೆಯ ಲ್ಯಾಬ್‌ಗೆ ಚಳಿಗಾಲದಲ್ಲೇ ಅರ್ಜಿ ಹಾಕಿ

ಬಿ.ಎಸ್ಸಿ., ಎಂ.ಎಸ್ಸಿ. ವಿದ್ಯಾರ್ಥಿಗಳಲ್ಲಿ ಹಲವರು ಇಂಟರ್ನ್‌ಶಿಪ್ ಹುಡುಕಲು ಶುರುಮಾಡುವುದು ಏಪ್ರಿಲ್‌ನಲ್ಲಿ. ಮೇ–ಜುಲೈ ಅವಧಿಯ ಎರಡು ತಿಂಗಳ ಸಂಶೋಧನಾ ಫೆಲೋಶಿಪ್‌ಗಳ ಬಾಗಿಲು ಅಷ್ಟರಲ್ಲಿ ಮುಚ್ಚಿರುತ್ತದೆ. ಅವುಗಳಲ್ಲಿ ಹೆಚ್ಚಿನವಕ್ಕೆ ಅರ್ಜಿ ಕರೆಯುವುದು ಹಿಂದಿನ ಚಳಿಗಾಲದಲ್ಲಿ, ಅಂದರೆ 3 ಅಥವಾ 5ನೇ ಸೆಮಿಸ್ಟರ್ ಮುಗಿಯುವ ಆಸುಪಾಸಿನಲ್ಲಿ. ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನ ಹುಡುಗ ಹುಡುಗಿಯರು ಈ ಅವಕಾಶ ಕಳೆದುಕೊಳ್ಳುವುದು ಅಂಕ ಕಡಿಮೆಯಾಗಿ ಅಲ್ಲ, ವಿಷಯ ತಡವಾಗಿ ತಿಳಿದು.

ಮೊದಲು ಜಾಗ ಗುರುತಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿಯ ಇನ್ಸಾ (ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ) ಮತ್ತು ಪ್ರಯಾಗರಾಜ್‌ನ ನಾಸಿ (ರಾಷ್ಟ್ರೀಯ ವಿಜ್ಞಾನ ಅಕಾಡೆಮಿ), ಈ ಮೂರೂ ಸೇರಿ ಒಂದೇ ಅರ್ಜಿಯಲ್ಲಿ ಬೇಸಿಗೆ ಫೆಲೋಶಿಪ್ ನಡೆಸುತ್ತವೆ. ಆಯ್ಕೆಯಾದರೆ ದೇಶದ ಯಾವುದೇ ಸಂಸ್ಥೆಯ ವಿಜ್ಞಾನಿಯ ಬಳಿಗೆ ಕಳುಹಿಸಬಹುದು. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೂ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೂ (ಟಿಐಎಫ್‌ಆರ್) ತಮ್ಮದೇ ಕಾರ್ಯಕ್ರಮಗಳಿವೆ. ಭೌತಶಾಸ್ತ್ರದವರು ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯನ್ನೂ ನೋಡಬೇಕು. ಸೆಪ್ಟೆಂಬರ್‌ನಿಂದಲೇ ಇವುಗಳ ಜಾಲತಾಣಗಳನ್ನು ವಾರಕ್ಕೊಮ್ಮೆ ತೆರೆಯಿರಿ. ಕಾಲೇಜಿನ ನೋಟಿಸ್ ಬೋರ್ಡ್‌ಗೆ ಸುದ್ದಿ ಬರಲಿ ಎಂದು ಕಾಯಬೇಡಿ.

ಎರಡನೆಯದು ದಾಖಲೆ. ಎಸ್ಸೆಸ್ಸೆಲ್ಸಿಯಿಂದ ಹಿಂದಿನ ಸೆಮಿಸ್ಟರ್‌ವರೆಗಿನ ಮಾರ್ಕ್ಸ್ ಕಾರ್ಡ್‌ಗಳನ್ನು ಸ್ಕ್ಯಾನ್ ಮಾಡಿ ಒಂದೇ ಪಿಡಿಎಫ್ ಮಾಡಿಕೊಳ್ಳಿ. ಮೂಲ ಪ್ರತಿ ಕೈಗೆ ಬಂದಿಲ್ಲದಿದ್ದರೆ ಆನ್‌ಲೈನ್ ಫಲಿತಾಂಶದ ಪ್ರಿಂಟ್‌ಗೆ ಪ್ರಾಂಶುಪಾಲರ ಸಹಿ, ಮೊಹರು ಹಾಕಿಸಿ. ನಮ್ಮವರಿಗೆ ಹೆಚ್ಚು ತೊಂದರೆ ಕೊಡುವುದು ಇನಿಷಿಯಲ್. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಹೆಸರಿನ ಮುಂದೆ ಇನಿಷಿಯಲ್ ಇರುತ್ತದೆ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಬ್ಯಾಂಕಿನಲ್ಲಿ ಇನ್ನೊಂದು ರೂಪ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಇರುವಂತೆಯೇ ಎಲ್ಲ ಅರ್ಜಿಗಳಲ್ಲೂ ಬರೆಯಿರಿ. ಬ್ಯಾಂಕ್ ಖಾತೆಯನ್ನೂ ನೋಡಿಕೊಳ್ಳಿ: ಎರಡು ವರ್ಷಕ್ಕೂ ಹೆಚ್ಚು ಕಾಲ ನೀವು ವ್ಯವಹರಿಸದ ಖಾತೆ ನಿಷ್ಕ್ರಿಯವಾಗಿರಬಹುದು, ಫೆಲೋಶಿಪ್ ಹಣ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಕೆವೈಸಿ ಮಾಡಿಸಿ ಮೊದಲೇ ಚಾಲ್ತಿಗೆ ತನ್ನಿ.

ಇನ್ನು ಬರಹ. ಏಕೆ ಈ ಕೆಲಸ ಮಾಡಬೇಕೆಂದಿದ್ದೀರಿ ಎಂದು ಒಂದು ಪುಟದೊಳಗೆ ಬರೆಯಲು ಕೇಳುತ್ತಾರೆ. ಅರ್ಜಿಗಳು ಬೀಳುವುದು ಬಹುಮಟ್ಟಿಗೆ ಇಲ್ಲೇ. ‘ಬಾಲ್ಯದಿಂದಲೂ ವಿಜ್ಞಾನದಲ್ಲಿ ಅಪಾರ ಆಸಕ್ತಿ’ ಎಂಬ ಸಾಲು ಯಾರ ಅರ್ಜಿಯಲ್ಲಾದರೂ ಇರಬಹುದಾದ್ದು, ಅದರಿಂದ ನಿಮ್ಮ ಬಗ್ಗೆ ಏನೂ ತಿಳಿಯುವುದಿಲ್ಲ. ಅದರ ಬದಲು ನಿಮ್ಮ ಪ್ರಾಕ್ಟಿಕಲ್‌ನಿಂದ ಒಂದು ಪ್ರಯೋಗ ಎತ್ತಿಕೊಳ್ಳಿ. ಏನು ಅಳೆದಿರಿ, ಬಂದ ಬೆಲೆ ಪುಸ್ತಕದ ಬೆಲೆಗಿಂತ ಎಷ್ಟು ಬೇರೆಯಿತ್ತು, ಏಕಿರಬಹುದು ಎಂದು ನಾಲ್ಕು ವಾಕ್ಯದಲ್ಲಿ ಹೇಳಿ. ಬಳಿಕ ನೀವು ಸೇರಬಯಸುವ ಗುಂಪಿನ ಒಂದು ಪ್ರಬಂಧದ ಸಾರಾಂಶ ಮತ್ತು ಪೀಠಿಕೆ ಓದಿ, ಅಲ್ಲಿಂದ ಎದ್ದ ಒಂದು ಪ್ರಶ್ನೆ ಸೇರಿಸಿ. ಪೂರ್ತಿ ಅರ್ಥವಾಗದಿದ್ದರೂ ಚಿಂತೆಯಿಲ್ಲ, ಬಿ.ಎಸ್ಸಿ. ವಿದ್ಯಾರ್ಥಿಯಿಂದ ಅದನ್ನು ಯಾರೂ ನಿರೀಕ್ಷಿಸುವುದಿಲ್ಲ. ಸೀನಿಯರ್‌ಗಳ ಬರಹದ ನಕಲು, ಚಾಟ್‌ಬಾಟ್ ಬರೆದುಕೊಟ್ಟ ಪ್ಯಾರಾ ಬೇಡ. ಒಂದೇ ಅಚ್ಚಿನ ಪತ್ರಗಳು ನೂರರ ನಡುವೆಯೂ ಎದ್ದು ಕಾಣುತ್ತವೆ. ಇಂಗ್ಲಿಷ್ ಸರಳವಾಗಿರಲಿ. ಸಣ್ಣ ವಾಕ್ಯಗಳಿಂದ ಅಂಕ ಹೋಗುವುದಿಲ್ಲ.

ಶಿಫಾರಸು ಪತ್ರಕ್ಕೆ ಕನಿಷ್ಠ ಮೂರು ವಾರ ಮೊದಲೇ ಮೇಷ್ಟ್ರನ್ನು ಕೇಳಿ. ಎಚ್‌ಒಡಿಯೇ ಆಗಬೇಕಿಲ್ಲ, ಲ್ಯಾಬ್‌ನಲ್ಲಿ ನಿಮ್ಮ ಕೈಕೆಲಸ ನೋಡಿದ ಅತಿಥಿ ಉಪನ್ಯಾಸಕರ ಪತ್ರಕ್ಕೆ ಹೆಚ್ಚು ತೂಕ ಇರುತ್ತದೆ, ನಿಯಮದಲ್ಲಿ ಅವಕಾಶವಿದೆಯೇ ಎಂದಷ್ಟೇ ನೋಡಿಕೊಳ್ಳಿ. ಅಂಕಪಟ್ಟಿ, ನೀವು ಬರೆದ ಪುಟ ಮತ್ತು ಕೊನೆಯ ದಿನಾಂಕವನ್ನು ಅವರಿಗೆ ಬರೆದು ಕೊಡಿ. ಕೆಲವು ಕಡೆ ಪತ್ರದ ಲಿಂಕ್ ನೇರವಾಗಿ ಅವರ ಇಮೇಲ್‌ಗೆ ಹೋಗಿ ಸ್ಪ್ಯಾಮ್‌ನಲ್ಲಿ ಕುಳಿತಿರುತ್ತದೆ. ‘ಸರ್, ಒಮ್ಮೆ ಸ್ಪ್ಯಾಮ್ ಫೋಲ್ಡರ್ ನೋಡುತ್ತೀರಾ’ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಪತ್ರ ತಲುಪದೆ ಅಪೂರ್ಣವಾಗಿ ಉಳಿದ ಅರ್ಜಿಯನ್ನು ಯಾರೂ ಓದುವುದಿಲ್ಲ.

ಕಾರ್ಯಕ್ರಮಗಳ ಹೊರಗೆ ಪ್ರಾಧ್ಯಾಪಕರಿಗೆ ನೇರವಾಗಿ ಬರೆಯುವುದಾದರೆ 150 ಪದ ಸಾಕು: ಯಾರು, ಯಾವ ಕಾಲೇಜು, ಅವರ ಯಾವ ಕೆಲಸ ಓದಿದಿರಿ, ಯಾವ ದಿನಾಂಕದಿಂದ ಯಾವಾಗಿನವರೆಗೆ ಬಿಡುವು. ಒಂದು ಪುಟದ ಸಿ.ವಿ. ಜೊತೆಗಿರಲಿ. ಹತ್ತು ಜನರಿಗೆ ಒಟ್ಟಿಗೆ ಸಿಸಿ ಹಾಕಿದ ಪತ್ರಕ್ಕೆ ಉತ್ತರ ಬರುವುದು ಅಪರೂಪ. ‘ಡಿಯರ್ ಸರ್/ಮ್ಯಾಡಮ್’ ಎನ್ನದೆ ಹೆಸರು ಹಿಡಿದು ಬರೆಯಿರಿ. ಹತ್ತು ದಿನವಾದರೂ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ, ನಂತರ ಇನ್ನೊಬ್ಬರಿಗೆ ಬರೆಯಿರಿ. ಫೆಲೋಶಿಪ್ ಎಂದರೆ ಸಂಸ್ಥೆಯವರು ವಿದ್ಯಾರ್ಥಿಗೆ ಕೊಡುವ ಹಣ. ಸರ್ಟಿಫಿಕೇಟಿಗೆಂದು ಶುಲ್ಕ ಕೇಳುವ ‘ಇಂಟರ್ನ್‌ಶಿಪ್’ಗಳಿಂದ ದೂರವಿರಿ.

ಆಯ್ಕೆಯಾದ ಮೇಲೆ ಎದುರಾಗುವ ದೊಡ್ಡ ಅಡ್ಡಿ ಪರೀಕ್ಷೆಯ ವೇಳಾಪಟ್ಟಿ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಸಮ ಸೆಮಿಸ್ಟರ್ ಪರೀಕ್ಷೆ ಜೂನ್, ಜುಲೈ ದಾಟುವುದೂ ಉಂಟು. ಆಯ್ಕೆ ಪತ್ರ ಬಂದ ದಿನವೇ ಮಾರ್ಗದರ್ಶಕರಿಗೆ ಸಂಭವನೀಯ ದಿನಾಂಕಗಳನ್ನು ತಿಳಿಸಿ, ಅವಧಿಯನ್ನು ಹಿಂದೆ ಮುಂದೆ ಮಾಡಲು ಸಾಧ್ಯವೇ ಕೇಳಿ. ಹೇಳದೆ ನಡುವೆ ಎದ್ದುಹೋದರೆ ಮುಂದಿನ ವರ್ಷ ನಿಮ್ಮ ಕಾಲೇಜಿನ ಮತ್ತೊಬ್ಬರಿಗೆ ಕಷ್ಟ. ಪ್ರಾಂಶುಪಾಲರಿಂದ ನಿರಾಕ್ಷೇಪಣಾ ಪತ್ರವನ್ನು ಬರಹದಲ್ಲೇ ಪಡೆಯಿರಿ, ಹಾಜರಾತಿಯ ಪ್ರಶ್ನೆ ಬಂದಾಗ ಅದೇ ಆಧಾರ. ಹಾಸ್ಟೆಲ್ ಸಿಗುವ ಖಾತ್ರಿ ಇಲ್ಲ, ಫೆಲೋಶಿಪ್ ಹಣವೂ ಕೈ ಸೇರುವುದು ನಿಧಾನ. ಆದ್ದರಿಂದ ಮೊದಲ ತಿಂಗಳ ಪಿಜಿ ಬಾಡಿಗೆ, ಮುಂಗಡ ಮತ್ತು ಊಟದ ಖರ್ಚನ್ನು ಹೊರಡುವ ಮೊದಲೇ ಹೊಂದಿಸಿಕೊಳ್ಳಿ.